ಪುಸ್ತಕ ಓದ್ಕೊಂಡು ಬಂದಿದ್ಯೇನಪ್ಪಾ?

ಬಹಳ ದಿನ ಆಗಿತ್ತು ಇಲ್ಲಿ ಏನಾದರೂ ಬರೆದು. ಆಫೀಸು, ರಿಲೀಸು, ಶನಿವಾರ ಬಂದ್ರೆ ಮಂಡ್ಯ ಬಸ್ಸು... ನೆಪಗಳಿಗೇನು ಬರ ಇಲ್ಲ ಬಿಡಿ. ಇವತ್ತು ಬರೀತಿರೋದು ಒಂದು ತಪ್ಪೊಪ್ಪಿಗೆ. ಜೊತೆಗೆ, ಆ ತಪ್ಪು ಮಾಡ್ತಿರೋನು ನಾನೊಬ್ಬನೇ ಅಲ್ಲ ಅನ್ನೋ ಒಂದು ಸಣ್ಣ ತಕರಾರು.

ಹೈಸ್ಕೂಲಿನಲ್ಲಿ ನನಗೆ ಕನ್ನಡ ಹೇಳಿಕೊಟ್ಟ ಮೇಷ್ಟ್ರು ರಿಟೈರಾದ ಮೇಲೆ ಮಳವಳ್ಳಿ ತಾಲೂಕಿನ ತಮ್ಮ ಹಳ್ಳಿಗೆ ವಾಪಸ್ ಹೋಗಿ ಒಂದು ಕಾದಂಬರಿ ಬರೆದರು. ವಿ.ಸಿ. ನಾಲೆಯ ಕೊನೇ ಭಾಗದ ಒಂದು ಊರು, ಅಲ್ಲೊಬ್ಬ ನೀರುಗಂಟಿ, ಒಂದು ಬೇಸಿಗೆ. ಇಷ್ಟೇ ಕತೆ. ನಮ್ಮ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯವರಿಗೆ ಒಂದು ಮಾತು: ಕನ್ನಂಬಾಡಿ ಕಟ್ಟೆಯಿಂದ ಹೊರಡೋ ವಿಶ್ವೇಶ್ವರಯ್ಯ ನಾಲೆ (ಮೊದಲು ಇದರ ಹೆಸರು ಇರ್ವಿನ್ ನಾಲೆ) ಮಂಡ್ಯ ಸೀಮೆಯ ಕಬ್ಬು, ಭತ್ತ ಎರಡಕ್ಕೂ ಜೀವ. ಆದರೆ ಮದ್ದೂರು, ಮಳವಳ್ಳಿ ತಾಲೂಕುಗಳ ಕೊನೇ ಭಾಗದ ಗದ್ದೆಗಳಿಗೆ ನೀರು ಬರೋದು ಎಲ್ಲರಿಗೂ ಆದ ಮೇಲೆ. ಎಷ್ಟೋ ಸಲ ಬರೋದೇ ಇಲ್ಲ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ತೂಬಿನ ಹತ್ತಿರ ನಿಂತು ನೋಡಿಕೊಳ್ಳೋನು ನೀರುಗಂಟಿ. ಅವನ ಕೆಲಸ ಎಂಥದ್ದು ಅಂತ ಊಹಿಸಿಕೊಳ್ಳಿ.

ಮೇಷ್ಟ್ರು ಸ್ವಂತ ದುಡ್ಡು ಹಾಕಿ 500 ಪ್ರತಿ ಅಚ್ಚು ಹಾಕಿಸಿದರು. ನೂರರಷ್ಟು ಹಂಚಿದ್ದಾಯ್ತು. ಉಳಿದಿದ್ದು ಕಟ್ಟುಕಟ್ಟಾಗಿ ಮಂಚದ ಕೆಳಗೆ. "ಆ ಮಂಚದ ಕೆಳಗೆ ಕಸ ಗುಡಿಸಿ ಒಂದು ವರ್ಷ ಆಯ್ತು ಕನಪ್ಪ, ನೀನಾದ್ರೂ ಏನಾದ್ರೂ ಮಾಡು" ಅಂದರು ಮೇಷ್ಟ್ರ ಮನೆಯವರು, ಕಾಫಿ ಲೋಟ ಕೈಗೆ ಕೊಡ್ತಾ.

ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋ ಹುಡುಗ. ಊರಲ್ಲಿ ನಮ್ಮಂಥವರ ಬಗ್ಗೆ ಒಂದು ನಂಬಿಕೆ ಇದೆ, ಕಂಪ್ಯೂಟರಿಗೆ ಸಂಬಂಧಪಟ್ಟದ್ದೆಲ್ಲ ಇವನಿಗೆ ಗೊತ್ತು ಅಂತ. ನಾನೂ ಎದೆಯುಬ್ಬಿಸಿ "ಒಂದು ಇಂಟರ್‌ವ್ಯೂ ಮಾಡಿ ಯೂಟ್ಯೂಬಿಗೆ ಹಾಕೋಣ ಮೇಷ್ಟ್ರೇ, ಪುಸ್ತಕ ಹೆಂಗೆ ಹೋಗುತ್ತೆ ನೋಡಿ" ಅಂದೆ.

ಮುಂದಿನ ಭಾನುವಾರ ಟ್ರೈಪಾಡು, ಅಂಗಿಗೆ ಸಿಕ್ಕಿಸೋ ಮೈಕು ಎಲ್ಲ ತಗೊಂಡು ಹೋದೆ. ಮೇಷ್ಟ್ರು ಇಸ್ತ್ರಿ ಮಾಡಿದ ಜುಬ್ಬ ಹಾಕ್ಕೊಂಡು, ಹಿಂದೆ ಕುವೆಂಪು ಫೋಟೋ ಕಾಣೋ ಹಾಗೆ ಕುರ್ಚಿ ಎಳೆದುಕೊಂಡು ಕೂತರು. ನಾನು ಪ್ರಶ್ನೆ ಕೇಳಿದೆ. ನಿಮ್ಮ ಬಾಲ್ಯದ ಬಗ್ಗೆ ಹೇಳಿ. ಬರವಣಿಗೆ ಶುರುವಾಗಿದ್ದು ಹೇಗೆ? ನಿಮಗೆ ಪ್ರೇರಣೆ ಯಾರು? ಇವತ್ತಿನ ಯುವಜನಾಂಗಕ್ಕೆ ನಿಮ್ಮ ಸಂದೇಶ ಏನು? ಮೇಷ್ಟ್ರೂ ಅದಕ್ಕೆ ತಕ್ಕ ಹಾಗೆ ಉತ್ತರ ಕೊಟ್ಟರು. ಬಡತನ, ಸೀಮೆಎಣ್ಣೆ ಬುಡ್ಡಿ, ಓದಿಸಿದ ಗುರುಗಳು, ಇವತ್ತಿನವರು ಮೊಬೈಲ್ ಬಿಟ್ಟು ಪುಸ್ತಕ ಹಿಡೀಬೇಕು. 45 ನಿಮಿಷ.

ಎಲ್ಲ ಮುಗಿದು ಮೈಕ್ ಬಿಚ್ಚುವಾಗ ಮೇಷ್ಟ್ರು ಮೆಲ್ಲಗೆ ಕೇಳಿದರು. "ಪುಸ್ತಕ ಓದ್ಕೊಂಡು ಬಂದಿದ್ಯೇನಪ್ಪಾ?"

ನಾನು ಓದಿದ್ದು 30 ಪುಟ. "ಓದ್ತಾ ಇದ್ದೀನಿ ಮೇಷ್ಟ್ರೇ" ಅಂದೆ. ಹೋಮ್‌ವರ್ಕ್ ಮಾಡದೇ ಹೋದಾಗ ಹತ್ತು ವರ್ಷದ ಹಿಂದೆ ಯಾವ ದನಿಯಲ್ಲಿ ಹೇಳ್ತಿದ್ದೆನೋ ಅದೇ ದನಿ! ಅವರು ಬಯ್ಯಲಿಲ್ಲ. ಬಯ್ದಿದ್ರೇ ಚೆನ್ನಾಗಿತ್ತು.

ವಿಡಿಯೋ ಹಾಕಿದ ಮೇಲೆ ಸುಮಾರು ಜನ ನೋಡಿದರು. ಹಳೇ ವಿದ್ಯಾರ್ಥಿಗಳು ಮೇಷ್ಟ್ರಿಗೆ ಫೋನ್ ಮಾಡಿ "ತುಂಬಾ ಚೆನ್ನಾಗಿ ಮಾತಾಡಿದೀರಿ ಸಾರ್" ಅಂದರು. ಮಾರಾಟವಾದದ್ದು 2 ಪ್ರತಿ. ಅದರಲ್ಲೊಂದು ತಗೊಂಡಿದ್ದು ನಮ್ಮ ಅಣ್ಣ, ನನ್ನ ಕಾಟಕ್ಕೆ.

*

ಆಮೇಲೆ ತುಂಬಾ ದಿನ ತಲೆಯಲ್ಲಿ ಇದೇ ಕೊರೀತಿತ್ತು. ಜನ ವಿಡಿಯೋ ನೋಡಿದ್ದಾರೆ, ಮೆಚ್ಚಿದ್ದಾರೆ, ಪುಸ್ತಕ ಮಾತ್ರ ತಗೊಂಡಿಲ್ಲ. ಯಾಕೆ?

ನಮ್ಮ ಕೆಲಸದಲ್ಲಿ ಒಂದು ರೂಢಿ ಇದೆ. ಏನಾದರೂ ಕೆಟ್ಟರೆ ಬಳಸುವವರನ್ನ ಬಯ್ಯೋ ಮೊದಲು ನಮ್ಮ ಕೋಡ್ ತೆಗೆದು ನೋಡಬೇಕು. ಸರಿ, ನನ್ನ ವಿಡಿಯೋನೇ ಇನ್ನೊಂದು ಸಲ ನೋಡಿದೆ. 45 ನಿಮಿಷದಲ್ಲಿ ಕಾದಂಬರಿಯ ಒಂದು ಪಾತ್ರದ ಹೆಸರೂ ಬಂದಿರಲಿಲ್ಲ. ನೀರುಗಂಟಿ ಅನ್ನೋ ಪದ ಒಂದೇ ಸಲ, ಅದೂ ಮೇಷ್ಟ್ರೇ ನೆನಪು ಮಾಡಿಕೊಂಡು ಹೇಳಿದ್ದು. ಬೆಲೆ ಎಷ್ಟು, ಎಲ್ಲಿ ಸಿಗುತ್ತೆ? ಹೇಳೇ ಇಲ್ಲ. ಇಷ್ಟೆಲ್ಲ ನೋಡಿದವರಿಗೆ ಒಬ್ಬ ಒಳ್ಳೆ ಮನುಷ್ಯರ ಪರಿಚಯ ಆಯ್ತು. ಪುಸ್ತಕದ ಪರಿಚಯ ಆಗಲಿಲ್ಲ. ಒಳ್ಳೆ ಮನುಷ್ಯರು ಅಂತ ಯಾರೂ ದುಡ್ಡು ಕೊಟ್ಟು ಕಾದಂಬರಿ ತಗೊಳ್ಳೋದಿಲ್ಲ. ಹೆಚ್ಚೆಂದರೆ ಫೋನ್ ಮಾಡಿ ನಮಸ್ಕಾರ ಹೇಳ್ತಾರೆ.

ಆಮೇಲೆ ಕೂತು ಕನ್ನಡದ ಲೇಖಕರ ಸಂದರ್ಶನಗಳನ್ನ ಒಂದಾದ ಮೇಲೊಂದು ನೋಡಿದೆ. ಪತ್ರಿಕೆಯ ಭಾನುವಾರದ ಪುಟದವು, ಟಿವಿಯವು, ಯೂಟ್ಯೂಬಿನವು. ಎಲ್ಲವೂ ಹೀಗೇ ಅನ್ನೋ ಮಾತು ಹೇಳಲಾರೆ. ಬುಕ್ ಬ್ರಹ್ಮದಂಥವರು ಹೊಸ ಲೇಖಕರನ್ನ ಕೂರಿಸಿಕೊಂಡು ಅವರ ಪುಸ್ತಕದ ಬಗ್ಗೆಯೇ ಮಾತಾಡಿಸೋ ಕೆಲಸ ಮಾಡ್ತಿದ್ದಾರೆ, ಅದಕ್ಕೆ ನನ್ನ ನಮಸ್ಕಾರ. ಆದರೆ ಹೆಚ್ಚಿನವು ನನ್ನ ವಿಡಿಯೋದ ಅಣ್ಣತಮ್ಮಂದಿರೇ. ಹುಟ್ಟೂರು, ಬಾಲ್ಯ, ಪ್ರೇರಣೆ, ಸಂದೇಶ. ಲೇಖಕರ ಹೆಸರು ತೆಗೆದು ಇನ್ನೊಬ್ಬರ ಹೆಸರು ಹಾಕಿದರೂ ನಡೆಯುತ್ತೆ. ಓದದೇ ಕೇಳಬಹುದಾದ ಪ್ರಶ್ನೆಗಳು ಇವೇ ತಾನೆ? ಅದಕ್ಕೇ ಎಲ್ಲರೂ ಇವನ್ನೇ ಕೇಳ್ತಾರೆ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2025ರ ಮೇನಲ್ಲಿ ಬಾನು ಮುಷ್ತಾಕ್ ಅವರ 12 ಕತೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ಪಡೆದವು. ಕನ್ನಡಕ್ಕೆ ಮೊದಲ ಸಲ. ಸಣ್ಣಕತೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದದ್ದೂ ಮೊದಲ ಸಲ. ಎಷ್ಟೊಂದು ಮೈಕುಗಳು ಅವರ ಮುಂದೆ ಬಂದವು! ಸೆಪ್ಟೆಂಬರ್ ಹೊತ್ತಿಗೆ ನಮ್ಮ ಪಕ್ಕದ ಮೈಸೂರಲ್ಲಿ ಅವರು ದಸರಾ ಉದ್ಘಾಟಿಸಬೇಕೋ ಬೇಡವೋ ಅನ್ನೋದು ಕೋರ್ಟಿನ ತನಕ ಹೋಯ್ತು. ಸೆಪ್ಟೆಂಬರ್ 22ರಂದು ಅವರು ಉದ್ಘಾಟಿಸಿದ್ದೂ ಆಯ್ತು. ಆ ತಿಂಗಳು ನಮ್ಮ ಊರಿನ ಕಟಿಂಗ್ ಶಾಪಿನಲ್ಲಿ ಕೂಡ ಅವರ ಬಗ್ಗೆ ಎರಡು ಪಂಗಡ ಇತ್ತು. ಅವರ ಒಂದು ಕತೆ ಓದಿದವರು ಎರಡೂ ಪಂಗಡದಲ್ಲಿ ನನಗೆ ಸಿಗಲಿಲ್ಲ. ನಾನೂ ಆಗಿನ್ನೂ ಓದಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಲೇಖಕಿಯ ಹೆಸರು ಮನೆಮನೆಗೆ ತಲುಪಿತು, ಕತೆಗಳು ತಲುಪಿದವಾ?

*

ಹಾಗಂತ ಕನ್ನಡದವರಿಗೆ ಪುಸ್ತಕ ಮಾರೋದು ಗೊತ್ತಿಲ್ಲ ಅಂದುಕೊಳ್ಳಬೇಡಿ. ಗಳಗನಾಥರು ತಮ್ಮ ಕಾದಂಬರಿಗಳನ್ನ ತಲೆ ಮೇಲೆ ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ಜಿ.ಪಿ. ರಾಜರತ್ನಂ ಪುಸ್ತಕದ ಗಂಟು ತಾವೇ ಹೊತ್ತವರು. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾಗಿ, ಮೊದಲೇ ಚಂದಾ ಕಟ್ಟಿಸಿಕೊಂಡು ಓದುಗರ ಮನೆಗೇ ಪುಸ್ತಕ ಕಳಿಸಿತು. ಚಂದನ ವಾಹಿನಿಯಲ್ಲಿ 2002ರಲ್ಲಿ ಶುರುವಾದ 'ಥಟ್ ಅಂತ ಹೇಳಿ'ಯಲ್ಲಿ ನಾ. ಸೋಮೇಶ್ವರ ಅವರು ಸರಿ ಉತ್ತರಕ್ಕೆ ಕೊಟ್ಟಿದ್ದು ದುಡ್ಡಲ್ಲ, ಪುಸ್ತಕ. ನಾನು ಚಿಕ್ಕವನಿದ್ದಾಗ ಎಷ್ಟೋ ಪುಸ್ತಕಗಳ ಹೆಸರು ಕೇಳಿದ್ದು ಅಲ್ಲೇ. ಇವರೆಲ್ಲರೂ ಮುಂದಿಟ್ಟಿದ್ದು ಪುಸ್ತಕವನ್ನ.

ನಮ್ಮ ಜಿಲ್ಲೆಯದ್ದೇ ಉದಾಹರಣೆ ಬೇಕಾ? ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ. 'ಮೈಸೂರ ಮಲ್ಲಿಗೆ' ಬಂದದ್ದು 1942ರಲ್ಲಿ. ಅದು ಇಷ್ಟೊಂದು ಮರುಮುದ್ರಣ ಕಂಡಿದ್ದು ಕವಿಗಳ ಸಂದರ್ಶನ ಓದಿ ಅಲ್ಲ. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅಂಥವರು ಆ ಪದ್ಯಗಳನ್ನೇ ಜನರ ಕಿವಿಗೆ ಹಾಕಿದರು. ರೇಡಿಯೋದಲ್ಲಿ, ಕ್ಯಾಸೆಟ್ಟಿನಲ್ಲಿ, ಮದುವೆ ಮನೆಯಲ್ಲಿ. ನಮ್ಮಜ್ಜಿಗೆ ಓದು ಬರುತ್ತಿರಲಿಲ್ಲ, ಆದರೂ ನಾಲ್ಕು ಪದ್ಯ ಬಾಯಿಗೆ ಬರುತ್ತಿತ್ತು. ಹಾಡು ಕೇಳಿದವರಲ್ಲಿ ಸ್ವಲ್ಪ ಜನ ಪುಸ್ತಕ ಹುಡುಕಿಕೊಂಡು ಹೋದರು. ಮಾಲಿನ ರುಚಿ ಮೊದಲು, ವ್ಯಾಪಾರ ಆಮೇಲೆ.

ಇದನ್ನ ಮದ್ದೂರಿನವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ ಹೇಳಿ! 1917ರಲ್ಲಿ ಮದ್ದೂರು ರೈಲ್ವೆ ಸ್ಟೇಷನ್ನಿನಲ್ಲಿ ರಾಮಚಂದ್ರ ಬುಧ್ಯ ಅವರ ಹೋಟೆಲಿನಲ್ಲಿ ಮದ್ದೂರು ವಡೆ ಹುಟ್ಟಿತು ಅಂತಾರೆ. ವಡೆ ಬುಟ್ಟಿ ಹಿಡಿದುಕೊಂಡು ರೈಲಿನ ಕಿಟಕಿ ಹತ್ತಿರ ಬರ್ತಿದ್ದೋರು ಅಡುಗೆ ಭಟ್ಟರ ಬಾಲ್ಯದ ಕತೆ ಹೇಳ್ತಿರಲಿಲ್ಲ. ಈರುಳ್ಳಿ ಘಮ ಮೂಗಿಗೆ ಬಡೀತಿತ್ತು, ಕೈಗೆ ಸಿಗೋ ದೂರದಲ್ಲಿ ವಡೆ ಇರ್ತಿತ್ತು, ಜೇಬಿನಲ್ಲಿ ಚಿಲ್ಲರೆ ಇರ್ತಿತ್ತು. ಮುಗೀತು. ಭಟ್ಟರು ಯಾರು ಅಂತ ತಿಂದ ಮೇಲೆ ಕೇಳಿದರಾಯ್ತು. 2023ರಲ್ಲಿ ಹೊಸ ಎಕ್ಸ್‌ಪ್ರೆಸ್‌ವೇ ಬಂದು ಗಾಡಿಗಳು ಊರಿನ ಹೊರಗೇ ಹೋಗೋಕೆ ಶುರುವಾದಾಗ ಹಳೇ ರಸ್ತೆಯ ಹೋಟೆಲುಗಳ ವ್ಯಾಪಾರ ಬಿತ್ತು. ವಡೆ ರುಚಿ ಕೆಟ್ಟಿರಲಿಲ್ಲ. ಕೈಗೆ ಸಿಗೋ ದೂರ ಹೆಚ್ಚಾಗಿತ್ತು, ಅಷ್ಟೆ. ನಮ್ಮ ಸಂದರ್ಶನಗಳಲ್ಲಿ ಘಮವೂ ಇಲ್ಲ, ಕೈಗೆ ಸಿಗೋ ದೂರವೂ ಇಲ್ಲ.

*

ಹೊರಗಿನವರು ಹೇಗೆ ಮಾಡ್ತಾರೆ ಅಂತಲೂ ನೋಡಿದೆ. ಫ್ರಾನ್ಸಿನ ಟಿವಿಯಲ್ಲಿ 1975ರಿಂದ 1990ರವರೆಗೆ ಪ್ರತಿ ಶುಕ್ರವಾರ ರಾತ್ರಿ 'ಅಪಾಸ್ಟ್ರಫ್' ಅಂತ ಒಂದು ಕಾರ್ಯಕ್ರಮ ಬರ್ತಿತ್ತು. ನಡೆಸ್ತಿದ್ದವರು ಬರ್ನಾರ್ ಪಿವೊ. ಬರೀ ಪುಸ್ತಕದ ಮಾತು. ಅದರಲ್ಲಿ ಮಾತಾಡಿದ ಪುಸ್ತಕಕ್ಕೆ ಶನಿವಾರ ಬೆಳಗ್ಗೆ ಅಂಗಡಿಗಳಲ್ಲಿ ಗಿರಾಕಿಗಳು ಬರ್ತಿದ್ರಂತೆ. ಪಿವೊ ಗುಟ್ಟು ತುಂಬಾ ಸರಳ: ಕರೆಸಿದ ಲೇಖಕರ ಪುಸ್ತಕವನ್ನ ಓದಿಕೊಂಡು ಬರ್ತಿದ್ದರು. 'ಪ್ಯಾರಿಸ್ ರಿವ್ಯೂ' ಪತ್ರಿಕೆ 1953ರ ಮೊದಲ ಸಂಚಿಕೆಯಲ್ಲೇ ಇ.ಎಂ. ಫಾರ್ಸ್ಟರ್ ಸಂದರ್ಶನ ಹಾಕಿತ್ತು. ಆ ಸರಣಿ ಇವತ್ತಿಗೂ ಬರ್ತಿದೆ, ಯಾಕಂದ್ರೆ ಅಲ್ಲಿ ಮಾತು ಬರವಣಿಗೆಯ ಕೆಲಸದ ಸುತ್ತ. ಎಲೆನಾ ಫೆರಾಂಟೆ ಅನ್ನೋ ಇಟಲಿಯ ಲೇಖಕಿ ಮುಖ ತೋರಿಸೋದೇ ಇಲ್ಲ. ಪ್ರಶ್ನೆ ಬರೆದು ಕಳಿಸಿದರೆ ಉತ್ತರ ಬರೆದು ಕಳಿಸ್ತಾರೆ. ಆ ಹೆಸರು ಕೂಡ ಕಾವ್ಯನಾಮ. ಬಾಲ್ಯ, ಊರು, ಫೋಟೋ ಒಂದೂ ಇಲ್ಲದೆ ಅವರ ಕಾದಂಬರಿಗಳು ಲೋಕವೆಲ್ಲ ಓಡಿದವು.

ಇದನ್ನ ಗೆಳೆಯನೊಬ್ಬನಿಗೆ ಹೇಳಿದರೆ "ಅಯ್ಯೋ, ಒಳ್ಳೆ ಪುಸ್ತಕ ತಾನಾಗೇ ಹೋಗುತ್ತೆ ಕಣೋ. ಲೇಖಕ ಮೈಕ್ ಮುಂದೆ ಕೂತು ಮಾರ್ಕೆಟಿಂಗ್ ಮಾಡೋದೇ ಅಸಹ್ಯ" ಅಂದ. ಈ ಮಾತು ಕೇಳೋಕೆ ಚೆನ್ನಾಗಿದೆ. ಬೆಂಗಳೂರಿನ ದೊಡ್ಡ ಪ್ರಕಾಶಕರ ಪುಸ್ತಕಕ್ಕೆ ನಿಜವೂ ಇರಬಹುದು. ಮಂಚದ ಕೆಳಗಿನ ಪುಸ್ತಕ ತಾನಾಗೇ ಎಲ್ಲಿಗೆ ಹೋಗುತ್ತೆ? ನಾನು ಒಂದು ಶನಿವಾರ ಮದ್ದೂರು, ಮಳವಳ್ಳಿ ಎರಡೂ ಕಡೆ ಬಸ್ ಸ್ಟ್ಯಾಂಡ್ ಸುತ್ತಮುತ್ತ ಕನ್ನಡ ಕಾದಂಬರಿ ಹುಡುಕಿ ತಿರುಗಿದೆ. ನನಗೆ ಸಿಕ್ಕಿದ್ದು ಗೈಡುಗಳು, ಸ್ಪರ್ಧಾತ್ಮಕ ಪರೀಕ್ಷೆ ಪುಸ್ತಕಗಳು, ಪಂಚಾಂಗ. ಅಂಗಡಿಯವರನ್ನ ಬಯ್ದು ಪ್ರಯೋಜನ ಇಲ್ಲ. ಕೇಳೋರಿಲ್ಲದ ಮಾಲು ಅವರು ಯಾಕೆ ಇಡಬೇಕು?

ಓದೋರೇ ಇಲ್ಲ ಅನ್ನೋದನ್ನೂ ನಾನು ಒಪ್ಪಲ್ಲ. 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೀತಲ್ಲ, ಗೊ.ರು. ಚನ್ನಬಸಪ್ಪ ಅವರ ಅಧ್ಯಕ್ಷತೆಯಲ್ಲಿ. 1974, 1994 ಆದ ಮೇಲೆ ಮಂಡ್ಯಕ್ಕೆ ಅದು ಮೂರನೇ ಸಲ. ಹೊರಗಿನವರಿಗೆ ನೆನಪಿರೋದು ಬಾಡೂಟದ ಜಗಳ ಮಾತ್ರ. ನನಗೆ ನೆನಪಿರೋದು ಪುಸ್ತಕ ಮಳಿಗೆಗಳ ಧೂಳು ಮತ್ತು ನೂಕುನುಗ್ಗಲು. ಪಂಚೆ ಎತ್ತಿಕಟ್ಟಿಕೊಂಡ ಒಬ್ಬ ಯಜಮಾನರು ನನ್ನ ಪಕ್ಕ ನಿಂತು ಒಂದು ಪುಸ್ತಕದ ಮಧ್ಯದ ಪುಟ ತೆಗೆದು ಐದು ನಿಮಿಷ ನಿಂತಲ್ಲೇ ಓದಿದರು. ಆಮೇಲೆ ಒಳಜೇಬಿನಿಂದ ದುಡ್ಡು ತೆಗೆದರು. ಮುಖಪುಟ ನೋಡಲಿಲ್ಲ, ಲೇಖಕರು ಯಾರು ಅಂತಲೂ ಕೇಳಲಿಲ್ಲ. ಜನ ಪುಸ್ತಕ ಕೊಳ್ಳೋದು ಹೀಗೆ. ಮಧ್ಯದ ಪುಟ ಓದಿ. ಹಾಗಿದ್ದರೆ ಸಂದರ್ಶನವೂ ಆ ಮಧ್ಯದ ಪುಟವನ್ನೇ ತೆಗೆದು ತೋರಿಸಬೇಕು ತಾನೆ?

*

ಇಷ್ಟು ಅರ್ಥವಾಗೋಕೆ ನನಗೆ ಆರು ತಿಂಗಳು ಹಿಡೀತು. ಅಷ್ಟರಲ್ಲಿ ಮೇಷ್ಟ್ರ ಕಾದಂಬರಿಯನ್ನ ಎರಡು ಸಲ ಓದಿದೆ. ಎರಡನೇ ಸಲ ಪೆನ್ಸಿಲ್ ಹಿಡಿದು. ಮತ್ತೆ ಹೋಗಿ "ಇನ್ನೊಂದು ಸಲ ಮಾಡೋಣ ಮೇಷ್ಟ್ರೇ" ಅಂದೆ.

"ಜುಬ್ಬ ಇಸ್ತ್ರಿ ಆಗಿಲ್ಲ ಕಣಪ್ಪ."

"ಜುಬ್ಬ ಬೇಡ. ಮನೆಯಲ್ಲೂ ಬೇಡ. ತೂಬಿನ ಹತ್ರ ಹೋಗೋಣ ಬನ್ನಿ."

ನಾಲೆ ಏರಿ ಮೇಲೆ ಕೂತೆವು. ನಾಲೆಯಲ್ಲಿ ನೀರಿರಲಿಲ್ಲ, ಹುಲ್ಲು ಬೆಳೆದಿತ್ತು. ಬಾಲ್ಯದ ಪ್ರಶ್ನೆ ಒಂದೂ ಇಲ್ಲ ಅಂತ ತೀರ್ಮಾನ ಮಾಡಿಕೊಂಡೇ ಹೋಗಿದ್ದೆ. ಮೊದಲು ಅವರಿಂದ ಒಂದೂವರೆ ಪುಟ ಓದಿಸಿದೆ. ರಾತ್ರಿ ಎರಡು ಗಂಟೆಯಲ್ಲಿ ನೀರುಗಂಟಿ ಒಣ ಕಾಲುವೆಗೆ ಇಳಿದು ನೀರು ಬರುತ್ತಾ ಅಂತ ಕಾಯೋ ಭಾಗ. ನಮ್ಮ ಕಡೆ ಮಾತಲ್ಲೇ ಇದೆ ಅದು. ತರಗತಿಯಲ್ಲಿ ಹಳಗನ್ನಡ ಓದ್ತಿದ್ದ ಅದೇ ಗಂಟಲು. ಆಮೇಲೆ ಕೇಳಿದೆ: "ಮೇಷ್ಟ್ರೇ, ನೀರು ಬಂದ ಮೇಲೆ ಇವನು ಊರಿನವರಿಗೆಲ್ಲ ಬಿಟ್ಟು, ಸ್ವಂತ ತಮ್ಮನ ಗದ್ದೆಗೆ ಕೊನೆಗೆ ಬಿಡ್ತಾನೆ. ಅಷ್ಟರಲ್ಲಿ ನೀರು ನಿಂತೇ ಹೋಗುತ್ತೆ. ಯಾಕೆ ಹಂಗೆ ಮಾಡಿದ ಅವನು?"

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಶುರು ಮಾಡಿದರು. ಅವರ ಅಪ್ಪ ನೀರುಗಂಟಿ ಆಗಿದ್ದರಂತೆ. ಒಂದು ವರ್ಷ ಹೀಗೇ ಮಾಡಿದ್ದರಂತೆ, ನ್ಯಾಯ ಅಂತ. ಚಿಕ್ಕಪ್ಪ ಆಮೇಲೆ ಸಾಯೋ ತನಕ ಮಾತಾಡಿಸಲಿಲ್ಲ. ಅಪ್ಪ ಮಾಡಿದ್ದು ಸರಿಯಾ ತಪ್ಪಾ ಅಂತ ಗೊತ್ತಾಗದೇ ನಲವತ್ತು ವರ್ಷ ಕಳೆದು, ಕೊನೆಗೆ ಅದನ್ನೇ ಕಾದಂಬರಿ ಮಾಡಿದರಂತೆ. "ಬರೆದ ಮೇಲೂ ಗೊತ್ತಾಗಲಿಲ್ಲ ಕಣೋ" ಅಂದರು.

ನೋಡಿ, ಮೊದಲನೇ ಸಲ ನಾನು ನೇರವಾಗಿ "ನಿಮ್ಮ ಬಾಲ್ಯದ ಬಗ್ಗೆ ಹೇಳಿ" ಅಂತ ಕೇಳಿದಾಗ ಸಿಕ್ಕಿದ್ದು ಬಡತನ ಮತ್ತು ಸೀಮೆಎಣ್ಣೆ ಬುಡ್ಡಿ. ಪುಸ್ತಕದ ಒಂದು ಜಾಗ ಹಿಡಿದು ಕೇಳಿದಾಗ ನಿಜವಾದ ಬಾಲ್ಯ ತಾನಾಗೇ ಬಂತು. ಲೇಖಕರ ಜೀವನಕ್ಕೆ ಹೋಗೋ ದಾರಿ ಕೂಡ ಪುಸ್ತಕದ ಒಳಗಿಂದಲೇ ಇದೆ. ಹೊರಗಿನಿಂದ ಹೋದರೆ ಬಾಗಿಲಲ್ಲೇ ನಿಲ್ಲಿಸಿ ಕಾಫಿ ಕೊಟ್ಟು ಕಳಿಸ್ತಾರೆ.

ಅವರ ಅಪ್ಪನ ವಿಷಯ ವಿಡಿಯೋದಲ್ಲಿ ಹಾಕಲಾ ಬೇಡವಾ ಅಂತ ಕೇಳಿದೆ. ಒಂದು ವಾರ ಯೋಚನೆ ಮಾಡಿ "ಹಾಕು" ಅಂದರು. 12 ನಿಮಿಷಕ್ಕೆ ಇಳಿಸಿ ಹಾಕಿದೆ. ಕೊನೆಯಲ್ಲಿ ಬೆಲೆ, ಮೇಷ್ಟ್ರ ಮಗಳ ನಂಬರು, ಫೋನ್‌ಪೇ. ತಿಂಗಳೊಪ್ಪತ್ತಿನಲ್ಲಿ ಅರವತ್ತು ಚಿಲ್ಲರೆ ಪ್ರತಿ ಹೋಯ್ತು. ತಗೊಂಡವರಲ್ಲಿ ಹೆಚ್ಚಿನವರು ಮೇಷ್ಟ್ರಿಗೆ ಗುರುತೇ ಇಲ್ಲದವರು, ನಮ್ಮ ಕಡೆಯಿಂದ ಬೆಂಗಳೂರು ಸೇರಿ ಕ್ಯಾಬ್ ಓಡಿಸೋರು, ಗಾರ್ಮೆಂಟ್ಸಿನಲ್ಲಿರೋರು, ನನ್ನಂಥವರು.

ಇದೇನು ದೊಡ್ಡ ಗೆಲುವಲ್ಲ. ಮಂಚದ ಕೆಳಗೆ ಇನ್ನೂ ಕಟ್ಟುಗಳಿವೆ. ವಿಡಿಯೋ ನೋಡಿದವರ ಸಂಖ್ಯೆ ಮೊದಲನೆಯದಕ್ಕಿಂತ ಜಾಸ್ತಿಯೂ ಇರಲಿಲ್ಲ. ಆದರೆ ಒಂದು ಫೋನ್ ಬಂತು, ಕೆ.ಎಂ. ದೊಡ್ಡಿ ಕಡೆಯ ರೈತರೊಬ್ಬರಿಂದ. "ಸಾ, ನಿಮ್ಮ ಬುಕ್ಕಲ್ಲಿ ತೂಬು ಎತ್ತೋ ವಿಷ್ಯ ತಪ್ಪಾಗದೆ. ರಾತ್ರಿ ಹೊತ್ನಲ್ಲಿ ಆ ಕಡೆಯಿಂದ ಯಾರೂ ಎತ್ತಕಿಲ್ಲ ಕನ್ರೀ!" ಅರ್ಧ ಗಂಟೆ ವಾದ ಆಯ್ತಂತೆ. ಮೇಷ್ಟ್ರು ನನಗೆ ಫೋನ್ ಮಾಡಿ ಅದನ್ನ ವರದಿ ಮಾಡಿದ ಖುಷಿ ನೋಡಬೇಕಿತ್ತು ನೀವು. "ಅವನು ಪುಸ್ತಕ ಓದವ್ನೆ ಕಣೋ! ಪೂರ್ತಿ ಓದವ್ನೆ!" ಕನ್ನಡ ಮೇಷ್ಟ್ರ ಬಾಯಲ್ಲಿ ವ್ಯಾಕರಣ ಕೂಡ ಜಾರಿತ್ತು. ಮೊದಲನೇ ವಿಡಿಯೋ ಆದ ಮೇಲೆ ಬಂದ ಹೊಗಳಿಕೆಗಳಲ್ಲಿ ಒಂದಕ್ಕೂ ಅವರು ಇಷ್ಟು ಖುಷಿ ಪಟ್ಟಿರಲಿಲ್ಲ.

*

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಲೇಖಕರನ್ನ ಮಾತಾಡಿಸಿ ಪುಸ್ತಕ ಓದಿಸಬೇಕು ಅಂತಿರೋರು, ಅದು ಯೂಟ್ಯೂಬಿರಲಿ, ಕಾಲೇಜಿನ ಕನ್ನಡ ಸಂಘ ಇರಲಿ, ಮಂಡ್ಯದ ಕರ್ನಾಟಕ ಸಂಘದಂಥ ಜಾಗ ಇರಲಿ, ಈ ನಾಲ್ಕು ವಿಷಯ ಮಾಡಿ ನೋಡಿ.

1. ಪೂರ್ತಿ ಓದಿ. ಓದೋಕೆ ಟೈಮಿಲ್ಲ ಅಂದ್ರೆ ಸಂದರ್ಶನ ಮಾಡಬೇಡಿ. ಹೊಗಳೋಕೆ ಇಷ್ಟವಿಲ್ಲದಿದ್ದರೂ ಪರವಾಗಿಲ್ಲ, ಜಗಳ ಆಡಿ. ಓದಿದವರ ಜಗಳ ಓದದವರ ಹೊಗಳಿಕೆಗಿಂತ ಲೇಖಕರಿಗೆ ಹಿತ.

2. ಮೊದಲು ಒಂದು ಪುಟ ಅವರಿಂದಲೇ ಓದಿಸಿ. ನಮ್ಮ ಕಡೆ ಮಾತಲ್ಲಿ ಬರೆದ ಪುಸ್ತಕವಾದರಂತೂ ಬಿಡಲೇಬೇಡಿ. ಮಂಡ್ಯ ಮಾತನ್ನ ಸಿನಿಮಾದಲ್ಲಿ ನಗಿಸೋಕೆ ಬಳಸೋದು ನೋಡಿ ನೋಡಿ ಸಾಕಾಗಿದೆ. ಅದೇ ಮಾತಲ್ಲಿ ಗಂಭೀರವಾದ ವಿಷಯ ಕೇಳಿದಾಗ ಜನ ತಟ್ಟಂತ ಕಿವಿ ಕೊಡ್ತಾರೆ.

3. ಬೇರೆ ಯಾವ ಲೇಖಕರಿಗೂ ಕೇಳೋಕಾಗದ ಪ್ರಶ್ನೆ ಮಾತ್ರ ಕೇಳಿ. ಹೆಸರು ಬದಲಾಯಿಸಿದರೂ ನಡೆಯೋ ಪ್ರಶ್ನೆಯನ್ನ ಹೊಡೆದುಹಾಕಿ.

4. ಪುಸ್ತಕ ಅಲ್ಲೇ, ಆವಾಗಲೇ ಸಿಗೋ ಹಾಗಿರಲಿ. ಸಭೆಯಾದರೆ ಬಾಗಿಲ ಹತ್ತಿರ ಒಂದು ಟೇಬಲ್ಲು. ವಿಡಿಯೋ ಆದರೆ ನಂಬರು, ಬೆಲೆ, ಅಂಚೆ ಖರ್ಚು. ಹಳೇ ರಿಜಿಸ್ಟರ್ಡ್ ಬುಕ್ ಪೋಸ್ಟನ್ನ ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ನಿಲ್ಲಿಸಿದಾಗ ಸಣ್ಣ ಪ್ರಕಾಶಕರಿಗೆ ದೊಡ್ಡ ಪೆಟ್ಟು ಬಿತ್ತು. 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಬಂದಿದೆ. ಶುರುವಾದಾಗ 300 ಗ್ರಾಂ ತನಕ ದರ 20 ರೂಪಾಯಿ, ಮೇಲೆ ತೆರಿಗೆ. ಕಾದಂಬರಿ ನಡೆಯುತ್ತಾ ಅಂತ ನಿಮ್ಮ ಪೋಸ್ಟಾಫೀಸಿನಲ್ಲಿ ಒಂದು ಮಾತು ವಿಚಾರಿಸಿ.

ಇನ್ನೊಂದು ಮಾತು ಹೇಳದೇ ಇರೋಕಾಗ್ತಿಲ್ಲ. ಪಿಯುಸಿಯಲ್ಲಿ ನಮಗೆ ಬೆಸಗರಹಳ್ಳಿ ರಾಮಣ್ಣನವರ 'ಗಾಂಧಿ' ಕತೆ ಪಾಠವಾಗಿತ್ತು. ಮದ್ದೂರು ತಾಲೂಕಿನವರು, ಡಾಕ್ಟರು, ನಮ್ಮ ಕಡೆಯ ಬಡವರ ಬದುಕನ್ನ ನಮ್ಮ ಕಡೆ ಮಾತಲ್ಲೇ ಬರೆದವರು. ಪರೀಕ್ಷೆಗೆ 'ಕವಿ ಪರಿಚಯ' ಬಾಯಿಪಾಠ ಮಾಡಿದ್ದೆ: ಹುಟ್ಟಿದ್ದು, ಕೃತಿಗಳು, ಪ್ರಶಸ್ತಿ. ಕತೆ ಓದಿ ನಿದ್ದೆ ಬಾರದ ರಾತ್ರಿ ನನ್ನೊಳಗೆ ಎದ್ದ ಪ್ರಶ್ನೆಗಳೇ ಬೇರೆ. ರೋಗಿಗಳನ್ನ ನೋಡಿ ಮನೆಗೆ ಬಂದು ಯಾವಾಗ ಬರೀತಿದ್ರಿ? ಡಾಕ್ಟರಾಗಿ ಕಂಡಿದ್ದನ್ನ ಕತೆಗಾರನಾಗಿ ಬರೆಯುವಾಗ ಕೈ ನಡುಗಲಿಲ್ವಾ? ಅವರು 1998ರಲ್ಲೇ ತೀರಿಕೊಂಡಿದ್ದರು. ಕೇಳೋಕೆ ಯಾರೂ ಇರಲಿಲ್ಲ.

ನಮ್ಮ ಮೇಷ್ಟ್ರು ಇದ್ದಾರೆ. ನಿಮ್ಮ ಊರಲ್ಲೂ ಒಬ್ಬರು ಇರ್ತಾರೆ, ಮಂಚದ ಕೆಳಗೆ ಪುಸ್ತಕದ ಕಟ್ಟು ಇಟ್ಟುಕೊಂಡು. ಮೈಕು, ಕ್ಯಾಮೆರಾ ಆಮೇಲೆ ನೋಡಿಕೊಳ್ಳೋಣ. ಮೊದಲು ಹೋಗಿ ಒಂದು ಪ್ರತಿ ದುಡ್ಡು ಕೊಟ್ಟು ತಗೊಂಡು, ಓದಿ, ಮತ್ತೆ ಹೋಗಿ.

ಮೇಷ್ಟ್ರ ಹೆಸರು, ಕಾದಂಬರಿಯ ಹೆಸರು ಇಲ್ಲಿ ಹಾಕಲಾ ಅಂತ ಅವರನ್ನ ಕೇಳಿದ್ದೆ. "ಬೇಡ ಕಣಪ್ಪ. ನನ್ನ ಹೆಸರು ಹಾಕಿದರೆ ಇದು ನನ್ನ ಜಾಹೀರಾತು ಆಗುತ್ತೆ, ನಿನ್ನ ಮಾತು ಯಾರೂ ಕೇಳಲ್ಲ" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಎರಡನೇದು ಬರೀತಾ ಇದೀನಿ. ಈ ಸಲ ಅಚ್ಚಿಗೆ ಮುಂಚೇನೇ ಓದಿಬಿಡು" ಅಂತ ಹಸ್ತಪ್ರತಿಯ ಫೈಲು ಕೈಗೆ ಕೊಟ್ಟರು. 212 ಹಾಳೆ, ಎಲ್ಲ ಕೈಬರಹ. ಈಗ 90ನೇ ಹಾಳೆಯಲ್ಲಿದ್ದೀನಿ. ಬರ್ತೀನಿ, ಓದೋದಿದೆ.